ಮುದ್ದಿಗೊಂದು ಮತ

ಕಾರ್ಟೂನ್ ಗೊಂಬೆಗಳಿಗೂ ಚುನಾವಣೆ ಉಂಟೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ನಮ್ಮಂಥ ಹೆಂಗಸರು ನಕ್ಕೇವು. ಆದರೆ ಜಪಾನಿನ ಅಭಿಮಾನಿಗಳು 2002ರಲ್ಲೇ ಇಂಟರ್‌ನೆಟ್ಟಿನಲ್ಲಿ ಅದನ್ನು ನಡೆಸಿದರು. ಹೆಸರು ‘ಸೈಮೊಎ’. ‘ಮೊಎ’ ಅವರ ಆಡುಮಾತು. ಚಿತ್ರದ ಪಾತ್ರವೊಂದರ ಮೇಲೆ ಉಕ್ಕುವ ಮುದ್ದು. ‘ಸೈ’ ಎಂದರೆ ಎಲ್ಲಕ್ಕಿಂತ ಹೆಚ್ಚು. ಸುತ್ತಿನಿಂದ ಸುತ್ತಿಗೆ ಸೋತವರು ಹೊರಕ್ಕೆ. ಕೊನೆಗೆ ಗೆದ್ದವಳು ಸಕುರಾ ಎಂಬ ಶಾಲೆಯ ಹುಡುಗಿ. ಮತದ ಜೊತೆ ಮೆಚ್ಚುಗೆಯ ಮಾತನ್ನೂ ಬರೆಯುವ ಅವರ ರೂಢಿ ನನಗೆ ಹಿಡಿಸಿತು. ಸೋತ ಗೊಂಬೆಗೆ ನೋವಿಲ್ಲ, ಗೆದ್ದ ಗೊಂಬೆ ಯಾರಿಗೂ ಏನೂ ಮಾಡಿಕೊಡಬೇಕಿಲ್ಲ.

ಆ ಭಾಷೆ ನಿಜವಾದ ಚುನಾವಣೆಗೆ ಬಂದರೆ? 1978ರ ಉಪಚುನಾವಣೆಗೆ ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿನಲ್ಲಿ ನಿಂತರು. ಆಗಿನ ಹಿಂದಿ ಘೋಷಣೆ ಅವರನ್ನು ಸಿಂಹಿಣಿ ಮಾಡಿತು, ಎದುರಾಳಿಗಳನ್ನು ಕೋತಿ ಮಾಡಿತು, ಊರಿನ ಹೆಸರನ್ನು ಪ್ರಾಸಕ್ಕೆ ಇಟ್ಟುಕೊಂಡಿತು. ಪ್ರಾಸ ಇಂದಿಗೂ ಬಾಯಲ್ಲಿದೆ. ಸೋತ ವೀರೇಂದ್ರ ಪಾಟೀಲರು ಆಗ ಆಡಿದ ಮಾತು ಯಾರಿಗೆ ನೆನಪಿದೆ, ಹೇಳಿ?

ಗೊಂಬೆಗೆ ಮಕ್ಕಳು ಮುದ್ದಿನಿಂದಲೇ ಮತ ಹಾಕಲಿ. ನಮ್ಮ ಕೈಲಿರುವುದು ಒಂದೇ ಮತ. ಅದನ್ನು ಕೊಡುವಾಗ ಕೇಳಬೇಕಾದ್ದು ಯಾರು ಮುದ್ದು ಎಂದಲ್ಲ, ನಲ್ಲಿಗೆ ನೀರು ಯಾರು ತಂದಾರು ಎಂದು.