ಕೇಳುವವರಿಲ್ಲದ ಓದು

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನನ್ನ ತಾಯಿ ನಿದ್ದೆ ಮಾಡಲಿಲ್ಲ. ಮೈ ನೋವೇ, ಹೊಟ್ಟೆ ಸರಿಯಿಲ್ಲವೇ ಎಂದು ಕೇಳಿದರೆ ತಲೆಯಾಡಿಸಿದರು. ಬೆಳಗಿನ ಜಾವ ಮೆಲ್ಲಗೆ ಹೇಳಿದರು: "ಆ ಕಥೆಯ ತಾಯಿ ಹಾಗೆ ಹೇಳಬಾರದಾಗಿತ್ತು ಕಣೇ. ನಮ್ಮ ಶಾರದೆಗೂ ಹೀಗೇ ಹೇಳಿ ಕಳಿಸಿದ್ದರು." ಶಾರದೆ ಎಂದರೆ ನನ್ನ ಚಿಕ್ಕಮ್ಮ. ಗಂಡನ ಮನೆಯಿಂದ ಎರಡು ಸಲ ತವರಿಗೆ ಬಂದವಳು. ಎರಡು ಸಲವೂ ಹಿರಿಯರು ಬುದ್ಧಿ ಹೇಳಿ ಕಳಿಸಿದರು. ಮೂರನೆಯ ಸಲ ಅವಳು ಬರಲಿಲ್ಲ, ಸುದ್ದಿ ಬಂತು.

ಯಾವ ಕಥೆ ಎಂದು ಹುಡುಕಿದೆ. ಹಳೆಯ ವಾರಪತ್ರಿಕೆಯೊಂದರ ಕಥೆ. ಅದರಲ್ಲಿ ತವರಿಗೆ ಬಂದ ಮಗಳು ಅಡಿಗೆಮನೆಯಲ್ಲಿ ತಾಯಿಯ ಎದುರು ಕುಳಿತು, ಮತ್ತೆ ಆ ಮನೆಗೆ ಹಿಂತಿರುಗುವುದಿಲ್ಲ ಎನ್ನುತ್ತಾಳೆ. ತಾಯಿ ಏನೂ ಹೇಳದೆ ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸುತ್ತಾಳೆ. ಅಷ್ಟೇ ಕಥೆ, ಒಳ್ಳೆಯ ಕಥೆ. ಅಮ್ಮ ಕೇಳಿದ್ದು ಬೇರೆ: "ಮತ್ತೆ ಆ ಮನೆಗೆ ಹಿಂತಿರುಗು". ಅಲ್ಲಿಗೆ ಧ್ವನಿ ನಿಂತುಬಿಟ್ಟಿತ್ತು. "ವುದಿಲ್ಲ" ಎಂಬುದು ಮುಂದಿನ ತುಂಡಿನಲ್ಲಿತ್ತು. ಆ ತುಂಡನ್ನು ಯಾರೂ ಹಾಕಿರಲಿಲ್ಲ. ಓದಿದ್ದು ಮನುಷ್ಯರಲ್ಲ, ಯಂತ್ರ.

ಈ ಓದುವ ಯಂತ್ರವನ್ನು ನಮ್ಮ ಮನೆಗೆ ತಂದವನು ನನ್ನ ತಮ್ಮನ ಮಗ. ಅಜ್ಜಿಗೆ ಸಣ್ಣಕ್ಷರ ಕಾಣುವುದಿಲ್ಲ, ಅತ್ತೆಗೆ ಶಾಲೆ ಮುಗಿಸಿ ಬರುವಷ್ಟರಲ್ಲಿ ಗಂಟಲು ಹೋಗಿರುತ್ತದೆ ಎಂದು ಅವನೇ ಯೋಚಿಸಿ ಮಾಡಿದ್ದು. "ಅತ್ತೆ, ಒಂದು ಸಾಲು ಕೋಡ್ ಬರೆದಿಲ್ಲ, ಬರೀ ಜೋಡಿಸಿದ್ದು" ಎಂದ. ನನಗೆ ಅರ್ಥವಾದಂತೆ ಹೇಳುತ್ತೇನೆ. ನಾನು ಫೋನಿನಲ್ಲಿ ಪುಟದ ಚಿತ್ರ ತೆಗೆದು ಅಂತರ್ಜಾಲದ ಉಗ್ರಾಣದಲ್ಲಿರುವ ಒಂದು ಫೋಲ್ಡರಿಗೆ ಹಾಕಬೇಕು. ಒಂದು ಸಲಕರಣೆ ಚಿತ್ರದಿಂದ ಅಕ್ಷರಗಳನ್ನು ಎತ್ತಿಕೊಳ್ಳುತ್ತದೆ. ಇನ್ನೊಂದು ಆ ಅಕ್ಷರಗಳನ್ನು ಧ್ವನಿ ಮಾಡುತ್ತದೆ. ಧ್ವನಿಯ ಕಡತ ಮತ್ತೊಂದು ಫೋಲ್ಡರಿಗೆ ಬಂದು ಕೂರುತ್ತದೆ, ಅಲ್ಲಿಂದ ಅಜ್ಜಿಯ ಫೋನಿಗೆ. ಒಂದರಿಂದ ಒಂದಕ್ಕೆ ಸಾಗಿಸುವ ಕೂಲಿಯಾಳು ಬೇರೊಬ್ಬ. ಜೇಪಿಯರ್, ಮೇಕ್, ಎನ್‌ಎಯ್ಟ್‌ಎನ್ ಎಂದು ಇಂಥ ಕೂಲಿಯಾಳುಗಳು ಹಲವರಿದ್ದಾರೆ. ಪರದೆಯ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಗುರುತು. ರಂಗೋಲಿಯ ಚುಕ್ಕಿಗಳ ಹಾಗೆ ಗೆರೆ ಎಳೆದು ಸೇರಿಸಿದರೆ ಮುಗಿಯಿತು. ನಮ್ಮ ಮನೆಯ ಕೂಲಿಯಾಳು ಕಾಲು ಗಂಟೆಗೊಮ್ಮೆ ಫೋಲ್ಡರಿನಲ್ಲಿ ಹೊಸದೇನಿದೆ ಎಂದು ಇಣುಕುತ್ತಾನೆ. ನಾನು ಪಾಠ ಮಾಡುತ್ತಿರುವಾಗ ಇಲ್ಲಿ ಅಮ್ಮನಿಗೆ ಕಥೆ ಸಿದ್ಧ!

ಪುಸ್ತಕಕ್ಕೆ ವಿಮರ್ಶೆ ಬರೆಯುತ್ತಾರೆ, ನಾಟಕಕ್ಕೆ ಬರೆಯುತ್ತಾರೆ. ಮನೆಯಲ್ಲಿ ದಿನಕ್ಕೆ ಎರಡು ಗಂಟೆ ಓದುವ ಈ ಧ್ವನಿಗೂ ಬರೆಯಬೇಡವೇ?

ಮೊದಲು ಮೆಚ್ಚಬೇಕಾದ್ದು. ಉಚ್ಚಾರ ನಾನು ಹೆದರಿದ್ದಕ್ಕಿಂತ ಎಷ್ಟೋ ಚೆನ್ನಾಗಿದೆ. ಅಲ್ಪಪ್ರಾಣ ಮಹಾಪ್ರಾಣ ಬೇರೆಯಾಗಿ ಕೇಳುತ್ತವೆ, ಹಕಾರ ನುಂಗುವುದಿಲ್ಲ. ಹೇಗೆ ಬರೆಯುತ್ತೇವೋ ಹೆಚ್ಚುಕಡಿಮೆ ಹಾಗೇ ಓದುವ ಲಿಪಿ ನಮ್ಮದಾದ್ದರಿಂದ ಯಂತ್ರಕ್ಕೆ ಸುಲಭವೂ ಇರಬೇಕು. ಕೆಮ್ಮುವುದಿಲ್ಲ, ಆಕಳಿಸುವುದಿಲ್ಲ, ಪುಟ ಹಾರಿಸುವುದಿಲ್ಲ. ಈ ಕೊನೆಯದನ್ನು ನಾನು ಮಾಡುತ್ತೇನೆ ಎಂಬುದನ್ನು ಅಮ್ಮ ಕಂಡುಹಿಡಿದದ್ದು ಯಂತ್ರ ಬಂದ ಮೇಲೆ!

ಇನ್ನು ದೋಷಗಳು. ಹೆಸರಿನ ಹಿಂದಿನ ಡಾ. ಎಂಬಲ್ಲಿ ಚುಕ್ಕಿ ಕಂಡದ್ದೇ ವಾಕ್ಯ ಮುಗಿಯಿತೆಂದು ನಿಲ್ಲುತ್ತದೆ. ಪುಟದ ತಲೆಯಲ್ಲಿರುವ ಪತ್ರಿಕೆಯ ಹೆಸರನ್ನೂ ಪುಟಸಂಖ್ಯೆಯನ್ನೂ ಕಥೆಯೊಳಗೆ ಸೇರಿಸಿ ಓದುತ್ತದೆ. ಒಂದು ಸಾವಿನ ಸನ್ನಿವೇಶದಲ್ಲಿ ಮುದುಕ ಬಾಯಿ ತೆರೆದು "ನಲವತ್ತೆರಡು" ಎಂದು ಪ್ರಾಣ ಬಿಟ್ಟ. ಅಮ್ಮ, ಪಾಪ, ಏನೋ ಸಾಲದ ಲೆಕ್ಕವಿರಬೇಕು ಅಂದುಕೊಂಡಿದ್ದರಂತೆ. ಅತ್ತೆಗೂ ಸೊಸೆಗೂ ಒಂದೇ ಧ್ವನಿ. ಪೋಲೆಂಡ್ ದೇಶದಲ್ಲಿ ಪರದೇಶದ ಸಿನಿಮಾಗಳಲ್ಲಿ ಗಂಡು ಹೆಣ್ಣೆನ್ನದೆ ಎಲ್ಲ ಪಾತ್ರಗಳ ಮಾತನ್ನೂ ಒಬ್ಬನೇ ಗಂಡಸು ಏರಿಳಿತವಿಲ್ಲದೆ ಓದುವ ಪದ್ಧತಿಯಿದೆ. ಅದನ್ನು ಕೇಳಿಕೊಂಡು ಬೆಳೆದ ಇಬ್ಬರು 2022ರಲ್ಲಿ ಇಲೆವೆನ್‌ಲ್ಯಾಬ್ಸ್ ಎಂಬ ಧ್ವನಿ ತಯಾರಿಸುವ ಸಂಸ್ಥೆ ಕಟ್ಟಿದರು. ನಮ್ಮ ಮನೆಯ ಧ್ವನಿಗೆ ಆ ಏರಿಳಿತದ ಚಿಂತೆ ಇನ್ನೂ ಹತ್ತಿದಂತಿಲ್ಲ.

ಇವೆಲ್ಲ ನಗುವ ದೋಷಗಳು. ಆ ರಾತ್ರಿಯದು ನಗುವಂಥದ್ದಲ್ಲ.

ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ಧ್ವನಿ ಮಾಡುವ ಇಂಥ ಸೇವೆಗಳು ಒಂದು ಸಲಕ್ಕೆ ಇಷ್ಟೇ ಬರಹ ಎಂದು ಮಿತಿ ಇಡುತ್ತವೆ. ಗೂಗಲ್‌ನವರ ಸೇವೆಯಲ್ಲಿ ಅದು 5000 ಬೈಟು. ಇಂಗ್ಲಿಷಿನ ಒಂದಕ್ಷರ ಒಂದು ಬೈಟಿನಲ್ಲಿ ಹಿಡಿಸುತ್ತದೆ. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಅದೂ ನಾವು ಎಣಿಸುವ ಅಕ್ಷರವಲ್ಲ, ಕಾಗುಣಿತದ ಗುರುತು ಬೇರೆ, ಒತ್ತು ಕೊಡುವ ಗುರುತು ಬೇರೆ. ನಾನು ಕಪ್ಪುಹಲಗೆಯ ಮೇಲೆ ಒಂದೇ ಅಕ್ಷರವಾಗಿ ಬರೆಯುವ "ಸ್ತ್ರೀ" ಅದಕ್ಕೆ ಆರು ಚಿಹ್ನೆ, ಹದಿನೆಂಟು ಬೈಟು. (ಎಲ್ಲಿ ಹೋದರೂ ನಮ್ಮ ಭಾರ ಹೆಚ್ಚೇ!) ಹೀಗಾಗಿ ಅಂಥ ಮಿತಿಯಲ್ಲಿ ಇಂಗ್ಲಿಷಾದರೆ 800ಕ್ಕೂ ಹೆಚ್ಚು ಪದ ಹಿಡಿಸುವಲ್ಲಿ ಕನ್ನಡ ಸುಮಾರು 200 ಪದಕ್ಕೆ ತುಂಬಿಹೋಗುತ್ತದೆ. ಆದ್ದರಿಂದ ಕಥೆಯನ್ನು ಕತ್ತರಿಸಿ ಕಳಿಸಬೇಕು. ನಮ್ಮ ಹುಡುಗ ಏನು ಮಾಡಿದ್ದ ಎಂದರೆ, ಇಷ್ಟು ಚಿಹ್ನೆಗೆ ಒಂದು ತುಂಡು ಎಂದು ಎಣಿಸಿ ಕತ್ತರಿಸಲು ಹೇಳಿದ್ದ. ವಾಕ್ಯ ಮುಗಿದಿದೆಯೇ, ಪದ ಮುಗಿದಿದೆಯೇ ಎಂದು ನೋಡಲು ಹೇಳಿರಲಿಲ್ಲ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಎಂಬುದು ಆ ಕ್ರಿಯಾಪದದ ಬಾಲದಲ್ಲಿರುತ್ತದೆ. ಇಂಗ್ಲಿಷಿನವಳು ಮೊದಲೇ "ಆಗದು" ಎಂದು ಹೇಳಿ ಮುಂದಿನದನ್ನು ಹೇಳುತ್ತಾಳೆ. ನಮ್ಮವಳು ಎಲ್ಲ ಹೇಳಿ ಕಟ್ಟಕಡೆಗೆ "ಇಲ್ಲ" ಎನ್ನಬೇಕು. ಅಷ್ಟು ಹೊತ್ತು ಕಾಯುವ ವ್ಯವಧಾನ ಕೇಳುವವರಿಗೆ ಇರಬೇಕು. ಇಲ್ಲದಿದ್ದರೆ ಹೋಗುವುದಿಲ್ಲ ಎಂದವಳ ಮಾತೇ ಹೋಗು ಎಂಬ ಅಪ್ಪಣೆಯಾಗುತ್ತದೆ. ಧ್ವನಿ ಒಂದೇ ಆದ್ದರಿಂದ ಹೇಳಿದ್ದು ಮಗಳೋ ತಾಯಿಯೋ ಎಂಬುದೂ ಅಮ್ಮನಿಗೆ ತಿಳಿಯಲಿಲ್ಲ.

ಇಷ್ಟೆಲ್ಲ ಆದರೂ ಹುಡುಗನ ಪರದೆಯಲ್ಲಿ ಆ ದಿನದ ಓದಿಗೆ ಸಾಲಾಗಿ ಹಸಿರು ಗುರುತುಗಳಿದ್ದವು. ಚಿತ್ರ ಬಂತು, ಸರಿ. ಅಕ್ಷರ ಬಂತು, ಸರಿ. ಧ್ವನಿ ಹೋಯಿತು, ಸರಿ. ಒಬ್ಬೊಬ್ಬರೂ ತಮ್ಮ ಕೆಲಸ ಮಾಡಿ ಮುಂದಿನವರಿಗೆ ದಾಟಿಸಿದ್ದಾರೆ. ನಡುವೆ ಕೇಳಿದವರು ಮಾತ್ರ ಯಾರೂ ಇಲ್ಲ. ಈ ಜೋಡಣೆಯ ಮೇಲೆ ನನ್ನ ಆಕ್ಷೇಪಣೆ ಇದೊಂದೇ. ತರಗತಿಯಲ್ಲಿ ಮಗುವನ್ನು ಎಬ್ಬಿಸಿ ಓದಿಸಿದರೆ, ಅರ್ಥವಾಗದ ಮಗು ಸಾಲು ಮುಗಿದಲ್ಲಿ ನಿಲ್ಲುತ್ತದೆ, ಅರ್ಥವಾದ ಮಗು ಮಾತು ಮುಗಿದಲ್ಲಿ ನಿಲ್ಲುತ್ತದೆ. ಮೂವತ್ತು ವರ್ಷದಿಂದ ನಾನು ಇದನ್ನು ಕೇಳಿಯೇ ಅಂಕ ಹಾಕಿದ್ದೇನೆ.

ಪದ್ಯದಲ್ಲಿ ಇದು ಇನ್ನೂ ಸೂಕ್ಷ್ಮ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮಾತ್ರೆಯ ಲೆಕ್ಕಕ್ಕೆ, ಪ್ರಾಸಕ್ಕೆ ಎಷ್ಟೋ ಪದಗಳು ಸಾಲಿನ ಕೊನೆಯಲ್ಲಿ ಮುರಿದು ಮುಂದಿನ ಸಾಲಿಗೆ ಹಾಯುತ್ತವೆ. ಅಚ್ಚಿನಲ್ಲಿ ಮುರಿದದ್ದನ್ನು ಗಮಕಿಯ ಕಂಠ ಕೂಡಿಸುತ್ತದೆ. ಅಷ್ಟಾದರೂ ಸಾಲದೆಂದು ಪಕ್ಕದಲ್ಲಿ ವ್ಯಾಖ್ಯಾನಕಾರರು ಕೂತು ಅರ್ಥ ಬಿಡಿಸುತ್ತಾರೆ. ನಮ್ಮ ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಇದಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುತೂಹಲಕ್ಕೆ ಯಂತ್ರದಿಂದ ಒಂದು ಷಟ್ಪದಿ ಓದಿಸಿದೆ. ಮುರಿದ ಪ್ರತಿಯೊಂದು ಪದಕ್ಕೂ ನಿಂತು ನಿಂತು, ಉಬ್ಬಸ ಹಿಡಿದವರ ಹಾಗೆ ಓದಿತು. ಅಮ್ಮ ಕೈಮುಗಿದು "ಸಾಕು" ಎಂದರು.

ಹಾಗಾದರೆ ತೆಗೆಸಿಬಿಡೋಣ ಎಂದೆ. ನನಗೆ ಒಳಗೊಳಗೇ ಗೆದ್ದ ಸಂತೋಷ. ಅಮ್ಮ ಒಪ್ಪಲಿಲ್ಲ. "ನೀನು ಓದುವಾಗ ಒಂದು ಕಿವಿ ಕುಕ್ಕರಿನ ಕಡೆ ಇರುತ್ತದೆ. ಅದು ನನಗೋಸ್ಕರ ಓದುತ್ತದೆ. ಮತ್ತೊಂದು ಸಲ ಹೇಳು ಎಂದರೆ ಉಸ್ಸೆನ್ನುವುದಿಲ್ಲ" ಎಂದರು. ವಿಮರ್ಶಕಿಗೆ ಇದಕ್ಕಿಂತ ಕಟುವಾದ ವಿಮರ್ಶೆ ಬೇರೆ ಬೇಕೇ? ಆ ದಿನ ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ.

ಹುಡುಗ ಇನ್ನೊಂದು ದಾರಿ ತೋರಿಸಿದ. ನನ್ನ ಧ್ವನಿಯ ಮಾದರಿ ಕೊಟ್ಟರೆ ಯಂತ್ರ ನನ್ನದೇ ಕಂಠದಲ್ಲಿ ಓದುತ್ತದಂತೆ. ಬೇಡ ಎಂದೆ. ಅಮ್ಮನ ಕಿವಿಗೆ ಮಗಳು ಕೂತು ಓದಿದ ಹಾಗೆ ಕೇಳಬೇಕು, ಮಗಳು ಮಾತ್ರ ಎಲ್ಲೋ ಇರಬೇಕು, ಇದು ಹೇಗೆ? ತಪ್ಪು ಬೇರೆಯವರ ಧ್ವನಿಯಲ್ಲಿದ್ದರೆ ಅಮ್ಮ ಅನುಮಾನಿಸಿಯಾರು. ನನ್ನ ಧ್ವನಿಯಲ್ಲಿ "ಹಿಂತಿರುಗು" ಎಂದು ಕೇಳಿದ್ದರೆ?

ಈಗ ಅವನಿಂದಲೇ ಎರಡು ಬದಲಾವಣೆ ಮಾಡಿಸಿದ್ದೇನೆ. ವಾಕ್ಯ ಮುಗಿದ ಚುಕ್ಕಿಯಲ್ಲೇ ತುಂಡು ಮಾಡಬೇಕು. ಧ್ವನಿ ನೇರವಾಗಿ ಅಜ್ಜಿಯ ಫೋನಿಗೆ ಹೋಗದೆ "ಅತ್ತೆ ಕೇಳಬೇಕು" ಎಂಬ ಫೋಲ್ಡರಿನಲ್ಲಿ ತಡೆದು ನಿಲ್ಲಬೇಕು. ನಾನು ಕೇಳಿ, ಪುಟಸಂಖ್ಯೆ ಅಳಿಸಿ, ಡಾ. ಇದ್ದಲ್ಲಿ ಡಾಕ್ಟರ್ ಎಂದು ಪೂರ್ತಿ ಬರೆದು, ಮತ್ತೆ ಓದಿಸಿ, ಆಮೇಲೆ ದಾಟಿಸುತ್ತೇನೆ. "ಹಾಗಾದರೆ ತಾನೇ ತಾನಾಗಿ ನಡೆಯುವುದು ಎಲ್ಲಿ ಬಂತು ಅತ್ತೆ?" ಎಂದು ಹುಡುಗನ ತಕರಾರು.

ನಿನ್ನೆ ಸಂಜೆ ಆ ಫೋಲ್ಡರಿನಲ್ಲಿ ಏಳು ಕಥೆಗಳು ಕೂತಿದ್ದವು. ಪರೀಕ್ಷೆಯ ಪತ್ರಿಕೆ ತಿದ್ದುವ ಗಡಿಬಿಡಿಯಲ್ಲಿ ಒಂದನ್ನೂ ಕೇಳಿರಲಿಲ್ಲ. ಅಮ್ಮ ನಾಲ್ಕು ಗಂಟೆಯಿಂದ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರಂತೆ. ನಾನು ಚಪ್ಪಲಿ ಬಿಡುತ್ತಿರುವಾಗಲೇ ಕೂಗಿದರು: "ಅದನ್ನೆಲ್ಲ ಆಮೇಲೆ ದಾಟಿಸುವಿಯಂತೆ. ಕುಕ್ಕರ್ ಇಡಬೇಡ, ಪುಸ್ತಕ ತಗೊಂಡು ಬಾ."