ಹತ್ತು ದಿನದ ಸವಾರ

ಎಚ್. ಜಿ. ವೆಲ್ಸ್ ಎಂದರೆ ನಮಗೆ ನೆನಪಾಗುವುದು ಕಾಲಯಂತ್ರ, ಅದೃಶ್ಯ ಮನುಷ್ಯ, ಮಂಗಳ ಗ್ರಹದವರ ದಾಳಿ. ಇವುಗಳ ನಡುವೆಯೇ, 1896ರಲ್ಲಿ, ಆತ 'ದಿ ವ್ಹೀಲ್ಸ್ ಆಫ್ ಚಾನ್ಸ್' ಎಂಬ ಸಣ್ಣದೊಂದು ಕಾದಂಬರಿ ಬರೆದ. ಜವಳಿ ಅಂಗಡಿಯ ಸಹಾಯಕನೊಬ್ಬ ವರ್ಷಕ್ಕೊಮ್ಮೆ ಸಿಗುವ ಹತ್ತು ದಿನದ ರಜೆಯಲ್ಲಿ ಸೈಕಲ್ ಹತ್ತಿ ದಕ್ಷಿಣ ಇಂಗ್ಲೆಂಡನ್ನು ಸುತ್ತುವ ಕತೆ. ಕಾಲೇಜಿನ ದಿನಗಳಲ್ಲಿ ಇದನ್ನು ಓದಿ 'ಹಗುರ ಕೃತಿ' ಎಂದು ಪಕ್ಕಕ್ಕಿಟ್ಟಿದ್ದೆ. ಈಚೆಗೆ ಮತ್ತೆ ಓದಿದಾಗ ಆ ಷರಾ ನನ್ನದೇ ಅವಸರದ್ದು ಅನ್ನಿಸಿತು.

ಕಾದಂಬರಿ ಶುರುವಾಗುವುದು ಅಂಗಡಿಯ ಕಟ್ಟೆಯ ಮುಂದೆ. ಹೂಪ್‌ಡ್ರೈವರ್ ಎಂಬ ಈ ಸಾಧಾರಣ ಹುಡುಗ ಗಿರಾಕಿಗಳಿಗೆ ಬಟ್ಟೆ ಬಿಚ್ಚಿ ತೋರಿಸುತ್ತಾನೆ, ನಗುತ್ತಾನೆ, ಬಗ್ಗುತ್ತಾನೆ. ಅವನಲ್ಲಿ ಗಮನಿಸುವಂಥದ್ದು ಏನೂ ಇಲ್ಲ. ಆಗ ವೆಲ್ಸ್ ಓದುಗನನ್ನು ಪಕ್ಕಕ್ಕೆ ಕರೆದು, ಇವನ ಕಾಲುಗಳನ್ನು ನೋಡಿ ಎನ್ನುತ್ತಾನೆ. ಬಟ್ಟೆಯ ಮರೆಯಲ್ಲಿರುವ ಆ ಕಾಲುಗಳ ತುಂಬ ತರಚು, ಬಾವು, ಕಂದಿದ ಕಲೆ. ಹುಡುಗ ರಾತ್ರಿ ಹೊತ್ತು ಸೈಕಲ್ ಕಲಿಯುತ್ತಿದ್ದಾನೆ! ಇಡೀ ಪುಸ್ತಕದ ಒಳ್ಳೆಯ ಪುಟಗಳೆಲ್ಲ ಈ ಕಾಲುಗಳಿಂದಲೇ ಹುಟ್ಟಿವೆ ಎಂಬುದು ನನ್ನ ವಾದ.

ಮೊದಲ ದಿನದ ಬೆಳಿಗ್ಗೆ ಅವನು ಪಟ್ನಿಯಿಂದ ಹೊರಟು ಪೋರ್ಟ್ಸ್‌ಮತ್ ರಸ್ತೆ ಹಿಡಿಯುತ್ತಾನೆ. ದಾರಿ ವೇ ನದಿಯ ಕಣಿವೆಯತ್ತ, ರಿಪ್ಲಿ, ಗಿಲ್ಡ್‌ಫರ್ಡ್ ಕಡೆಗೆ ಸಾಗುತ್ತದೆ. ಆ ಕಾಲಕ್ಕೆ ಲಂಡನ್ನಿನ ಸೈಕಲ್ ಸವಾರರಿಗೆ ರಿಪ್ಲಿ ಎಂದರೆ ಒಂದು ಬಗೆಯ ಯಾತ್ರಾಸ್ಥಳ. ಅಂಗಡಿಯಲ್ಲಿ ಸಂಗಾತಿಗಳು ಧೂಳು ಹೊಡೆಯುತ್ತಿರುವ ಹೊತ್ತಿಗೆ ತಾನು ಇಲ್ಲಿದ್ದೇನೆ ಎಂಬ ಒಂದೇ ಯೋಚನೆ ಅವನಿಗೆ ಬೆಟ್ಟದಷ್ಟು ಸುಖ ಕೊಡುತ್ತದೆ. ವಾರದಲ್ಲಿ ಆರು ದಿನ ದುಡಿಯುವವನಿಗೆ ಮಾತ್ರ ರಜೆಯ ಮೊದಲ ಬೆಳಗಿನ ರುಚಿ ಗೊತ್ತು ಎಂಬರ್ಥದ ಮಾತು ಇಲ್ಲಿ ಬರುತ್ತದೆ. ವೆಲ್ಸ್ ಇದನ್ನು ಊಹಿಸಿ ಬರೆದದ್ದಲ್ಲ. ಹದಿಹರೆಯದಲ್ಲಿ ಸೌತ್‌ಸೀಯ ಜವಳಿ ಅಂಗಡಿಯೊಂದರಲ್ಲಿ ಅವನೇ ಇಂಥ ಕೆಲಸದಲ್ಲಿದ್ದ.

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಸರಪಳಿ ಇರುವ, ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆಯ ರೋವರ್ ಸೈಕಲ್ ಬಂದದ್ದು 1885ರಲ್ಲಿ. ಡನ್‌ಲಪ್ ಗಾಳಿ ಟೈರು 1888ರಲ್ಲಿ. ಇತ್ತ ಇಂಗ್ಲೆಂಡಿನಲ್ಲಿ ಮೋಟಾರು ಗಾಡಿಗಳು ಹಳ್ಳಿ ರಸ್ತೆಯಲ್ಲಿ ಗಂಟೆಗೆ 4 ಮೈಲಿ ಮೀರಬಾರದೆಂಬ ಕಟ್ಟಳೆ ಸಡಿಲವಾದದ್ದು ಈ ಕಾದಂಬರಿ ಬಂದ ವರ್ಷದ ನವೆಂಬರಿನಲ್ಲಿ. ಅಂದರೆ, ಸೈಕಲ್ ಬಂದು ಮೋಟಾರು ಇನ್ನೂ ಬಾರದ ಹತ್ತೇ ಹತ್ತು ವರ್ಷಗಳ ಖಾಲಿ ರಸ್ತೆ ಇದು. ಹೂಪ್‌ಡ್ರೈವರನ ಹತ್ತು ದಿನದ ಹಾಗೆ ಅದೂ ಒಂದು ರಜೆಯೇ.

ಆದರೆ ವೆಲ್ಸ್‌ಗೆ ಈ ಖಾಲಿ ರಸ್ತೆಯ ಮೇಲೆ ಪೂರ್ತಿ ನಂಬಿಕೆಯಿಲ್ಲ. ಕಾಲು ಭಾಗ ಮುಗಿಯುವಷ್ಟರಲ್ಲಿ ಮಲತಾಯಿಯ ಮನೆ ಬಿಟ್ಟು ಬಂದ ಜೆಸ್ಸಿ ಎಂಬ ಹುಡುಗಿ, ಅವಳಿಗೆ ಮೋಸ ಮಾಡಲು ಹೊಂಚುವ ಬೆಕಮೆಲ್ ಎಂಬ ಖಳ, ಅವರ ಹಿಂದೆ ಬೆನ್ನಟ್ಟುವ ಹಿತೈಷಿಗಳ ಗುಂಪು ಎಲ್ಲವೂ ಬಂದು ಸೇರಿಕೊಳ್ಳುತ್ತವೆ. ಹೂಪ್‌ಡ್ರೈವರ್ ತಾನು ದಕ್ಷಿಣ ಆಫ್ರಿಕಾದವನೆಂದು ಸುಳ್ಳು ಹೇಳುವ ಭಾಗ ನಗೆ ತರಿಸುತ್ತದೆ, ಕೊನೆಗೆ ನಿಜ ಒಪ್ಪಿಕೊಳ್ಳುವ ಭಾಗ ಮನಸ್ಸು ಕಲಕುತ್ತದೆ. ನಡುವಿನ ಬೆನ್ನಟ್ಟುವಿಕೆ ಮಾತ್ರ ನಾಟಕ ಕಂಪನಿಯ ಸರಕು. ಸುಮ್ಮನೆ ಸೈಕಲ್ ತುಳಿಯುವುದರಲ್ಲಿ ಕತೆ ಇರಲಾರದೆಂಬ ಅಳುಕಿನಿಂದ ಬಂದದ್ದು ಅದು.

ನಾಲ್ಕು ವರ್ಷಗಳ ನಂತರ, 1900ರಲ್ಲಿ, ಜೆರೋಮ್ ಕೆ. ಜೆರೋಮ್ 'ತ್ರೀ ಮೆನ್ ಆನ್ ದಿ ಬಮೆಲ್' ಬರೆದ. ಜರ್ಮನಿಯಲ್ಲಿ ಮೂವರು ಗೆಳೆಯರ ಸೈಕಲ್ ಪ್ರವಾಸ. ಇಲ್ಲಿ ಖಳನಿಲ್ಲ. ಆದರೆ ಸೈಕಲ್ಲೂ ಅಷ್ಟಾಗಿ ಇಲ್ಲ. ಪುಟ ತುಂಬುವುದು ಜರ್ಮನರ ಶಿಸ್ತಿನ ಬಗೆಗಿನ ಹರಟೆ. ಆದರೂ ಅದರಲ್ಲಿ ನನಗೆ ಬೇಕಾದ ಒಂದು ಒಳನೋಟವಿದೆ: ಸೈಕಲ್ ಕಂಪನಿಗಳ ಜಾಹೀರಾತು ಚಿತ್ರದಲ್ಲಿ ಸವಾರ ಎಂದೂ ಕಷ್ಟಪಡುವುದಿಲ್ಲ, ಗಾಡಿಯೇ ಅವನನ್ನು ಹೊತ್ತೊಯ್ಯುತ್ತದೆ ಎಂಬ ಗೇಲಿ.

ಆ ಚಿತ್ರ ಇನ್ನೂ ಹಾಗೇ ಇದೆ. ಇಂದು ಡ್ಯಾನ್ಯೂಬ್ ದಂಡೆಯ ಸೈಕಲ್ ದಾರಿಯಲ್ಲಿ ಪಸಾವ್‌ನಿಂದ ವಿಯೆನ್ನಾಕ್ಕೆ 300 ಕಿ.ಮೀ. ಮೀರಿದ ಪ್ರಯಾಣ. ನದಿ ಇಳಿಯುವ ಕಡೆಗೇ ದಾರಿ, ಏರು ಕಡಿಮೆ, ಬಹುಪಾಲು ಮೋಟಾರಿನ ಕಾಟವಿಲ್ಲ. ಪ್ರವಾಸಿ ಬರಹಗಳಲ್ಲಿ ನೀರು, ದ್ರಾಕ್ಷಿ ತೋಟ, ಮಠದ ಗೋಪುರಗಳು ಬರುತ್ತವೆ. ಆದರೆ ಈ ದಾರಿ ಇಷ್ಟು ಸಮತಟ್ಟಾಗಿರುವುದೇಕೆ? ಹಲವು ಕಡೆ ಅದು, ಹೊಳೆಯ ಎದುರು ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕುದುರೆಗಳ ದಾರಿ. ಬೆಲ್ಜಿಯಮ್ಮಿನ ಲಿಂಬರ್ಗಿನಲ್ಲಿ ಸೈಕಲ್ ದಾರಿಗಳು ಕೂಡುವ ಜಾಗಕ್ಕೆಲ್ಲ ಅಂಕಿ ಕೊಟ್ಟಿದ್ದಾರೆ. ಸವಾರ ಊರ ಹೆಸರು ಬಿಟ್ಟು ಆ ಅಂಕಿಗಳನ್ನು ಹಿಡಿದು ಹೋಗುತ್ತಾನೆ. 1995ರಲ್ಲಿ ಶುರುವಾದ ಈ ಏರ್ಪಾಟಿನ ಹಿಂದಿದ್ದ ಹ್ಯೂಗೊ ಬೊಲೆನ್ ಗಣಿ ಇಂಜಿನಿಯರ್. ನೆಲದಡಿಯ ಸುರಂಗಗಳನ್ನು ಗುರುತಿಸುತ್ತಿದ್ದ ಕ್ರಮವನ್ನೇ ಆತ ಮೇಲೆ ತಂದ. ಅಲ್ಲಿನ ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿದ್ದು 1992ರಲ್ಲಿ. ಬಿಡುವಿನ ದಾರಿಯ ಕೆಳಗೆ ಯಾರದೋ ದುಡಿಮೆಯ ದಾರಿ ಮಲಗಿದೆ. ಪ್ರವಾಸಿ ಬರಹ ಅದನ್ನು ಜಾಹೀರಾತಿನ ಚಿತ್ರದಂತೆ ಮರೆಸುತ್ತದೆ. ವೆಲ್ಸ್ ಮಾತ್ರ ಮೊದಲ ಪುಟಗಳಲ್ಲೇ ಬಟ್ಟೆ ಸರಿಸಿ ಕಾಲು ತೋರಿಸಿದ.

ಈ ಓದು ಬದಲಾದದ್ದಕ್ಕೆ ನನ್ನದೂ ಒಂದು ಕಾರಣವಿದೆ. ನಮ್ಮಪ್ಪ ದಾವಣಗೆರೆಯ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ದಿನವಿಡೀ ನಿಂತು ಸೀರೆ ಬಿಚ್ಚುವುದು, ಮಡಿಸುವುದು. ರಾತ್ರಿ ಅವ್ವ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಸೈಕಲ್ ಇದ್ದದ್ದು ಅಂಗಡಿಗೆ ಹೋಗಿ ಬರಲಿಕ್ಕೆ. ಆದರೂ ಕೆಲವೊಮ್ಮೆ ರಜೆಯ ದಿನ ನನ್ನನ್ನು ಹಿಂದೆ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಭದ್ರಾ ನಾಲೆಯ ಏರಿಯ ಮೇಲೆ ತುಳಿಯುತ್ತಿದ್ದರು. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಿದರೆ, "ಎಲ್ಲಿಗೂ ಇಲ್ಲ, ಸುಮ್ನೆ ಕೂತ್ಕ" ಎನ್ನುತ್ತಿದ್ದರು. ಆಗ ನನಗೆ ಅದು ಬೇಸರ. ಏನೂ ಆಗುತ್ತಿರಲಿಲ್ಲವಲ್ಲ! ಕಾಲೇಜಿನಲ್ಲಿ ವೆಲ್ಸ್ ಓದಿದಾಗಲೂ ನನ್ನ ದೂರು ಅದೇ ಆಗಿತ್ತು. ಆ ಕಾಲುಗಳಿಗೂ ಈ ಸುಮ್ಮನಿರುವಿಕೆಗೂ ಸಂಬಂಧವಿದೆಯೆಂದು ಹೊಳೆಯುವ ಹೊತ್ತಿಗೆ ಅಪ್ಪ ಇರಲಿಲ್ಲ.

ಸೈಕಲ್ ಸಾಹಿತ್ಯದಲ್ಲಿ ಸಾಹಸಕ್ಕೆ ಬೆಲೆ ಹೆಚ್ಚು. 1963ರಲ್ಲಿ ಐರ್ಲೆಂಡಿನಿಂದ ಭಾರತಕ್ಕೆ ಸೈಕಲ್ಲಿನಲ್ಲೇ ಹೊರಟ ಡರ್ವ್ಲಾ ಮರ್ಫಿಯ 'ಫುಲ್ ಟಿಲ್ಟ್' ಅಂಥ ಪುಸ್ತಕ. ಹಿಮ, ತೋಳ, ಬೆಟ್ಟ ಎಲ್ಲ ಅದರಲ್ಲಿವೆ. ಅದರ ಹಿರಿಮೆ ಅದಕ್ಕಿರಲಿ. ಅಪಾಯವಿಲ್ಲದ ದಾರಿಯನ್ನು ಬರೆಯುವುದು ಇನ್ನೂ ಕಷ್ಟ. ಯಾಕೆಂದರೆ ಅಲ್ಲಿ ಎದುರಾಳಿ ಹೊರಗಿಲ್ಲ, ಮುಗಿಯುತ್ತಿರುವ ರಜೆಯೇ ಎದುರಾಳಿ. ವೆಲ್ಸ್ ನಡುವೆ ಎಡವಿದರೂ ಕೊನೆಯಲ್ಲಿ ಇದನ್ನು ಹಿಡಿದ. ಹೂಪ್‌ಡ್ರೈವರನಿಗೆ ಜೆಸ್ಸಿ ಸಿಗುವುದಿಲ್ಲ. ಪುಸ್ತಕ ಕಳಿಸುತ್ತೇನೆಂಬ ಅವಳ ಮಾತು ಮಾತ್ರ ಸಿಗುತ್ತದೆ. ಅವನು ಸೈಕಲ್ ತಳ್ಳಿಕೊಂಡು ಅದೇ ಅಂಗಡಿಯ ಅಂಗಳಕ್ಕೆ ವಾಪಸಾಗುತ್ತಾನೆ. ನಾಳೆ ಮತ್ತೆ ಕಟ್ಟೆಯ ಹಿಂದೆ ನಿಲ್ಲಬೇಕು.

ಓದುವವರು ಬೇಕಿದ್ದರೆ ಬೆಕಮೆಲ್‌ನ ಅಧ್ಯಾಯಗಳನ್ನು ಬೇಗ ಬೇಗ ತಿರುವಿ ಹಾಕಲಿ. ಮೊದಲ ದಿನದ ಬೆಳಗನ್ನೂ ಕೊನೆಯ ದಿನದ ಮರಳುವಿಕೆಯನ್ನೂ ಮಾತ್ರ ನಿಧಾನಕ್ಕೆ ಓದಲಿ.