ಕಿಟಕಿಯೊಂದು, ಹೆಸರು ಹಲವು

ವ್ಯುತ್ಪತ್ತಿ ಸಿಕ್ಕಿದರೆ ಅರ್ಥವೂ ಸಿಕ್ಕಿತೆಂಬ ನಂಬಿಕೆ ನಮ್ಮ ವಿಮರ್ಶೆಯಲ್ಲಿ ಇನ್ನೂ ಬಲವಾಗಿದೆ. ಪದದ ಬೇರನ್ನು ಅಗೆದು ತೆಗೆದು, ಕವಿಯ ಅಭಿಪ್ರಾಯ ಇದೇ ಎಂದು ಸಾಧಿಸುವವರುಂಟು. ಈ ಮಾರ್ಗ ಎಷ್ಟು ದೂರ ಸಲ್ಲುವುದೆಂಬುದನ್ನು ಲ್ಯಾಟಿನ್ನಿನ ಮಕ್ಕಳಾದ ರೋಮಾನ್ಸ್ ಭಾಷೆಗಳಲ್ಲಿ ಪರೀಕ್ಷಿಸಿ ನೋಡಬಹುದು.

ಕಿಟಕಿಗೆ ಲ್ಯಾಟಿನ್ನಿನಲ್ಲಿ ‘ಫೆನೆಸ್ತ್ರ’ ಎಂದು ಹೆಸರು. ಇಟಲಿಯವರು ಅದನ್ನು ‘ಫಿನೆಸ್ತ್ರ’ ಎಂದೂ ಫ್ರೆಂಚರು ‘ಫೆನೆತ್ರ್’ ಎಂದೂ ಉಳಿಸಿಕೊಂಡರು. ಸ್ಪ್ಯಾನಿಷಿನಲ್ಲಿಯೂ ಹಿಂದೆ ‘ಇನಿಯೆಸ್ತ್ರ’ ಎಂಬ ರೂಪವಿತ್ತು. ಅದನ್ನು ಬದಿಗೊತ್ತಿ ‘ವೆಂತಾನ’ ನೆಲೆಸಿತು. ಇದು ಗಾಳಿ ಎಂಬರ್ಥದ ‘ವೆಂತುಸ್’ನಿಂದ ಹುಟ್ಟಿದ್ದು, ಮೂಗಿನ ಹೊಳ್ಳೆಗೂ ಸಲ್ಲುವ ಮಾತು. ಪೋರ್ಚುಗೀಸರ ‘ಜನೆಲ’ಕ್ಕಾದರೋ ಬಾಗಿಲೆಂಬರ್ಥದ ‘ಯಾನುವ’ ಮೂಲ; ಅದು ಪುಟ್ಟ ಬಾಗಿಲು. ಹಳೆಯ ಫೆನೆಸ್ತ್ರ ಅವರಲ್ಲಿ ‘ಫ್ರೆಸ್ತ’ ಎಂದು ಕುಗ್ಗಿ, ಬಿರುಕು, ಸಂದಿ ಎಂಬ ಅರ್ಥಕ್ಕೆ ಇಳಿದಿದೆ. ಜನೆಲ ಹಡಗೇರಿ ನಮ್ಮ ತೀರಕ್ಕೂ ಬಂದಿತು: ಕೊಂಕಣಿಯ ಜನೆಲ್, ತಮಿಳಿನ ಜನ್ನಲ್, ಮಲಯಾಳದ ಜನಲ್ ಅದರ ಸಂತಾನವೇ. ಆದರೆ ಜನ್ನಲ್ ಎನ್ನುವ ತಮಿಳರಿಗೆ ಬಾಗಿಲಿನ ನೆನಪು ಬರುವುದುಂಟೆ?

ಫ್ರೆಂಚ್ ಕವಿ ಬೋದಿಲೇರನಿಗೆ ಕಿಟಕಿಗಳ ಮೇಲೆ ಒಂದು ಗದ್ಯಕವನವಿದೆ. 1869ರಲ್ಲಿ, ಅವನ ಮರಣಾನಂತರ, ಸಂಕಲನದಲ್ಲಿ ಸೇರಿತು. ತೆರೆದ ಕಿಟಕಿಗಿಂತ ಮುಚ್ಚಿದ ಕಿಟಕಿಯೇ ನೋಡುವವನಿಗೆ ಹೆಚ್ಚು ತೋರಿಸುತ್ತದೆಂಬುದು ಅದರ ಜೀವಾಳ. ಅವನು ಬಳಸಿದ ಫೆನೆತ್ರ್ ಪದದಲ್ಲಿ ಗಾಳಿಯೂ ಇಲ್ಲ, ಬಾಗಿಲೂ ಇಲ್ಲ. ಅದನ್ನು ‘ಗಾಳಿಗಂಡಿ’ ಎಂದು ಕನ್ನಡಿಸಿದರೆ, ಕವಿ ಮುಚ್ಚಿದ ಕದವನ್ನು ಅನುವಾದಕನೇ ತೆರೆದಂತಾಗುತ್ತದೆ. ಸ್ಪ್ಯಾನಿಷ್ ಕವಿಯ ಸ್ಥಿತಿ ಬೇರೆ. ಅವನ ವೆಂತಾನದ ಪಕ್ಕದಲ್ಲಿಯೇ ಗಾಳಿಯನ್ನು ಹೇಳುವ ‘ವಿಯೆಂತೊ’ ನಿತ್ಯದ ಮಾತಾಗಿ ಬದುಕಿದೆ. ಬೇಕೆಂದರೆ ಅವನು ಎರಡನ್ನೂ ಹತ್ತಿರವಿರಿಸಿ ಮಲಗಿದ ಮೂಲಾರ್ಥವನ್ನು ಎಬ್ಬಿಸಬಲ್ಲ. ಎಬ್ಬಿಸಿದನೋ ಇಲ್ಲವೋ ಎಂಬುದಕ್ಕೆ ನಿಘಂಟು ಸಾಕ್ಷಿಯಾಗದು; ಪದ್ಯವೇ ಸಾಕ್ಷಿಯಾಗಬೇಕು.

ನಮ್ಮಲ್ಲಿಯೂ ಹೀಗೆಯೇ. ‘ಬೆಳಕಿಂಡಿ’ ಎಂದೊಡನೆ ಬೆಳಕು ಕಿವಿಗೆ ಬೀಳುತ್ತದೆ. ‘ಗವಾಕ್ಷ’ದಲ್ಲಿ ಗೋವಿನ ಕಣ್ಣಿದೆಯೆಂದು ಪಂಡಿತರು ಹೇಳಬೇಕು. ‘ಕಿಟಕಿ’ ಬರಿಯ ಕಿಟಕಿ. ಗವಾಕ್ಷವೆಂದ ಕವಿಯ ಹಟ್ಟಿಯಲ್ಲಿ ಹಸುವನ್ನು ಹುಡುಕುವ ವಿಮರ್ಶಕ ತನ್ನ ಪಾಂಡಿತ್ಯವನ್ನು ಮೆರೆದಾನು. ಕವಿತೆಯನ್ನು ಓದಿದನೆಂದು ಹೇಳಲಾಗದು.